ವರ್ನಾ ಭಾಗಿಸಿದ ಮೂವತ್ತೊಂದು ಪುಟ

ವರ್ನಾ ಓಯ್ಕಲ್ ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಮೀನಿನ ಕಾರ್ಖಾನೆಯಲ್ಲಿ ಕಾಡ್ ಎಂಬ ಕಡಲಮೀನು ಸೀಳುತ್ತಿದ್ದವಳು. ಆಮೇಲೆ ಟೈಪಿಂಗ್ ಕಲಿತು, ನೋವಾ ಸ್ಕೋಷಿಯಾದ ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ಸೇರಿದಳು. ಹದಿನಾಲ್ಕು ವರ್ಷ ಅಲ್ಲಿನ ಪ್ರಬಂಧವೆಲ್ಲ ಅವಳ ಬೆರಳಿನಲ್ಲೇ ಹಾದುಹೋಯಿತು. ಗ್ರೀಕ್ ಅಕ್ಷರ ಬಂದಾಗಲೆಲ್ಲ ಟೈಪ್‌ರೈಟರಿನ ಅಕ್ಷರದ ಗುಂಡು ಕಿತ್ತು ಬೇರೆ ಗುಂಡು ಸಿಕ್ಕಿಸಬೇಕು, ಒಂದೊಂದು ಸಾಲಿಗೆ ನಾಲ್ಕು ಸಲ. ಬರೀ ಟೈಪಿಸ್ಟ್ ಅಂತ ಮೂಗು ಮುರಿಯುವವರು ಒಂದು ಪುಟ ಹೊಡೆದು ತೋರಿಸಲಿ, ನೋಡೋಣ.

ಹೊಡೆದದ್ದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಆದರೆ ಒಂದು ಗುಟ್ಟು ಹಿಡಿದಿದ್ದಳು. ಬೆಳಕೋ ಕಣವೋ ಯಾವ ಸ್ಥಿತಿಯಲ್ಲಿದೆ ಅಂತ ಹೇಳುವ ಅಂಕಿಗಳ ಚೌಕವೊಂದಿದೆ, ಸಾಂದ್ರತಾ ಮಾತೃಕೆ ಅಂತ. ಅದರ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಯವರೆಗೆ ಓರೆಯಾಗಿ ಕೂಡಿದರೆ ಒಂದು ಬರಬೇಕು. ಬರದಿದ್ದರೆ ಪ್ರಬಂಧ ಬರೆದ ಹುಡುಗ ಎಲ್ಲೋ ಎಡವಿದ್ದಾನೆ. ಹೀಗೆ ಕೂಡಿ ನೋಡಿಯೇ ಆರು ಜನರ ಮಾನ ಉಳಿಸಿದ್ದಳು. ‘ವರ್ನಾ ಹೊಡೆದದ್ದರಲ್ಲಿ ತಪ್ಪಿರಲ್ಲ’ ಅನ್ನುವ ಮಾತೊಂದೇ ಅವಳು ಸಂಪಾದಿಸಿದ ಪದವಿ, ಅದರ ಮೇಲೆ ಅವಳಿಗೆ ಪ್ರಾಣ.

೧೯೭೬ರ ಏಪ್ರಿಲ್‌ನಲ್ಲಿ ಮರ್ಡಾಕ್ ಐಸ್ನರ್ ಎಂಬ ವಿದ್ಯಾರ್ಥಿ ಕೈಬರಹದ ಕಟ್ಟು ತಂದುಕೊಟ್ಟ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ ಹುಡುಗ. ಅವನ ಮೂರನೇ ಅಧ್ಯಾಯದಲ್ಲಿ ಮೊತ್ತ ಒಂದಾಗುತ್ತಲೇ ಇಲ್ಲ. ಒಂದು ಕಡೆ ಅರ್ಧ, ಇನ್ನೊಂದು ಕಡೆ ಕಾಲು, ಮತ್ತೊಂದು ಕಡೆ ಎಂಟರಲ್ಲೊಂದು. ಅಯ್ಯೋ ಪಾಪ ಅಂದುಕೊಂಡ ವರ್ನಾ ಎಲ್ಲವನ್ನೂ ಅದರದರ ಮೊತ್ತದಿಂದಲೇ ಭಾಗಿಸಿ, ಮೂವತ್ತೊಂದು ಪುಟ ‘ಸರಿ’ ಮಾಡಿಟ್ಟಳು.

ಮಂಗಳವಾರ ಬಂದು ಪುಟ ತಿರುವಿದ ಮರ್ಡಾಕ್ ಬಿಳಿಚಿಕೊಂಡ. ಶುಕ್ರವಾರ ಮಧ್ಯಾಹ್ನದೊಳಗೆ ಪ್ರತಿಗಳು ಪರೀಕ್ಷಕರಿಗೆ ಹೋಗಬೇಕಿತ್ತು.

“ಮೇಡಂ, ಮೊತ್ತ ಎಲ್ಲಾ ಕಡೆ ಒಂದು ಅಂತಾನೇ ಬಂದಿದೆಯಲ್ಲ?”

“ಬರಿಸಿದ್ದು ನಾನೇ ಕಣಪ್ಪ. ಪೂರಾ ಎಡವಟ್ಟು ಮಾಡಿಟ್ಟಿದ್ದೆ ನೀನು.”

“ಅದು ಎಡವಟ್ಟಲ್ಲ ಮೇಡಂ. ನನ್ನ ಪ್ರಬಂಧ ಇರೋದೇ ಅದರಲ್ಲಿ.”

ಅವನು ರೇಗಲಿಲ್ಲ. ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ, ದೀಪದ ಮುಂದೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಸೋಸಿ ಬಿಡುವ ಎರಡು ಗಾಜು ಒಂದರ ಹಿಂದೊಂದು ನಿಲ್ಲಿಸಿದ, ಒಂದು ನೆಟ್ಟಗೆ, ಇನ್ನೊಂದು ಅಡ್ಡಡ್ಡ. ಆಚೆ ಕಡೆ ಪೂರ್ತಿ ಕತ್ತಲು. ಮೂರನೆಯ ಗಾಜನ್ನು ಅವಳ ಕೈಗೆ ಕೊಟ್ಟು, “ಇದನ್ನ ಮಧ್ಯೆ ಓರೆಯಾಗಿ ಹಿಡೀರಿ” ಅಂದ.

“ಹಿಡಿದ್ರೆ ಏನಾಗತ್ತೆ? ಇನ್ನಷ್ಟು ಕತ್ತಲು” ಅನ್ನುತ್ತಲೇ ಹಿಡಿದಳು. ಆಚೆ ಬೆಳಕು ಬಂತು.

ತೆಗೆದಳು, ಕತ್ತಲು. ಹಿಡಿದಳು, ಬೆಳಕು. ಐದಾರು ಸಲ ಮಾಡಿದಳು. ಮೈ ಜುಮ್ಮೆಂದಿತು.

“ತಡೆ ಜಾಸ್ತಿಯಾದ್ರೆ ಬೆಳಕು ಬರತ್ತೇನೋ?”

“ಒಂದೊಂದು ಗಾಜೂ ಬೆಳಕಿಗೆ ಒಂದು ಪ್ರಶ್ನೆ ಕೇಳತ್ತೆ ಮೇಡಂ. ಹೌದು ಅಂದದ್ದು ಮಾತ್ರ ಮುಂದಕ್ಕೆ. ಆದರೆ ದಾಟಿದ ಬೆಳಕು ಹಳೇದಲ್ಲ, ಕೇಳಿದ ದಿಕ್ಕಿಗೇ ಹೊಸದಾಗಿ ತಿರುಗಿ ನಿಂತಿರತ್ತೆ. ಮಾತೃಕೆಯ ಎರಡೂ ಪಕ್ಕ ನೀವು P ಹೊಡೀತೀರಲ್ಲ, ಅದು ಈ ಗಾಜಿನ ಪ್ರಶ್ನೇನೇ, ಪ್ರಕ್ಷೇಪ ಅಂತಾರೆ. ಆಮೇಲೆ ಓರೆಯಾಗಿ ಕೂಡಿದರೆ ಎಷ್ಟು ದಾಟ್ತು ಅಂತ ಸಿಗತ್ತೆ. ಮಧ್ಯೆ ಒಂದು ಗಾಜಿಟ್ರೆ ನೂರಕ್ಕೆ ಹನ್ನೆರಡೂವರೆ, ಅಂದ್ರೆ ಎಂಟರಲ್ಲೊಂದು. ಸ್ವಲ್ಪ ಸ್ವಲ್ಪ ತಿರುಗಿಸ್ತಾ ಎಂಟು ಇಟ್ರೆ ಮೂವತ್ತೆಂಟು. ನೀವು ಎಲ್ಲಾನೂ ಒಂದು ಮಾಡಿದ್ರೆ ಅದೇ ಅಳಿಸಿಹೋಗತ್ತೆ.”

ವರ್ನಾ ಸ್ಟೂಲಿನ ಮೇಲೆ ಕುಸಿದು ಕೂತಳು. ಪ್ರಪಂಚ ಹೀಗಿದೆಯೆಂದು ಹದಿನಾಲ್ಕು ವರ್ಷ ತಾನೇ ಕೈಯಾರೆ ಹೊಡೆದಿದ್ದಳು, ಯಾರೂ ಕರೆದು ತೋರಿಸಿರಲಿಲ್ಲ. ಅವಮಾನಕ್ಕಿಂತ ಬೆರಗೇ ದೊಡ್ಡದಾಗಿ ಕಣ್ಣು ತುಂಬಿಕೊಂಡಿತು.

“ನೀವು ಭಾಗಿಸಿದ್ದು ಯಾರಿಗೂ ಹೇಳಲ್ಲ ಮೇಡಂ” ಅಂದ ಮರ್ಡಾಕ್.

ಮೂರು ದಿನ ಕೂತು ಮೂವತ್ತೊಂದು ಪುಟವನ್ನೂ ಹೊಸದಾಗಿ ಹೊಡೆದಳು. ಶುಕ್ರವಾರ ಹನ್ನೊಂದೂವರೆಗೆ ಪ್ರತಿಗಳು ಹೋದವು.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ. ಮಾಂಟ್ರಿಯಲ್‌ನಿಂದ ಬಂದ ಪರೀಕ್ಷಕ ಲಾಲೊಂಡ್ ಕೇಳಿದ: “ಅರವತ್ತನಾಲ್ಕನೇ ಪುಟ. ಮೊತ್ತ ಎಂಟರಲ್ಲೊಂದು ಅಂತಿದೆ. ಒಂದಾಗಬೇಕಿತ್ತಲ್ಲ? ಟೈಪಿಸ್ಟ್ ಮಾಡಿದ ತಪ್ಪಾ?”

ಮರ್ಡಾಕ್ ಆ ಪುಟ ತೆಗೆದು ಅದನ್ನೇ ನೋಡುತ್ತ ನಿಂತ. ಹೂಂ ಅಂದರೆ ಅವನ ಪ್ರಬಂಧ ಮುಳುಗಿತು, ಸುಮ್ಮನಿದ್ದರೂ ಮುಳುಗಿತು. ನೋಡಲು ಬಂದವರು ತುಟಿ ಬಿಚ್ಚುವಂತಿಲ್ಲ. ಕೊನೆಯ ಬೆಂಚಿನಿಂದ ವರ್ನಾ ಎದ್ದಳು.

“ತಪ್ಪಲ್ಲ ಸಾರ್. ದಾಟಿದ್ದೇ ಅಷ್ಟು.”

ಪರೀಕ್ಷೆಯ ಅಧ್ಯಕ್ಷರು ಮೇಜು ಕುಟ್ಟಿದರು. ಲಾಲೊಂಡ್ ಕೈಯೆತ್ತಿ ಅವರನ್ನು ತಡೆದ. “ಮಿಕ್ಕಿದ್ದು ಏನಾಯ್ತು?”

“ಗಾಜು ಕೇಳಿದ್ದಕ್ಕೆ ಮಿಕ್ಕಿದ್ದು ಇಲ್ಲ ಅಂತು. ಭಾಗಿಸಿ ಒಂದು ಮಾಡಬೋದು ಸಾರ್. ಎಷ್ಟರಿಂದ ಭಾಗಿಸಿದ್ವಿ ಅಂತ ಬರೆದಿಡದೇ ಹೋದ್ರೆ, ಎಷ್ಟು ಹೋಯ್ತು ಅಂತ ಇನ್ಯಾವತ್ತೂ ಗೊತ್ತಾಗಲ್ಲ.”

“ತಾವು ಯಾರು?”

“ಟೈಪಿಸ್ಟ್, ಸಾರ್. ನೀವಂದ ಹಾಗೇ ಒಂದಾಗಬೇಕು ಅಂದ್ಕೊಂಡು ನಾನು ಮೂವತ್ತೊಂದು ಪುಟ ಭಾಗಿಸಿ ತಪ್ಪು ಮಾಡಿದ್ದೆ. ಅದನ್ನ ಕಂಡುಹಿಡಿದವನು ಈ ಹುಡುಗ.”

ಇಡೀ ವಿಭಾಗ ಅವಳತ್ತ ತಿರುಗಿ ನೋಡಿತು. ವರ್ನಾ ಸ್ಕರ್ಟು ಸರಿಮಾಡಿಕೊಂಡು ಕೂತಳು. ಮರ್ಡಾಕ್ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದ, ಅವಳು ಬಿಟ್ಟ ಕಡೆಯಿಂದ ಹೇಳತೊಡಗಿದ.