ಕಾಲುವೆಯ ಅವ್ವ

ಮೊನ್ನೆ ಮಸ್ಕಿಯ ಸ್ಟೇಷನರಿ ಅಂಗಡಿಯಲ್ಲಿ ಪೆನ್ನು ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹಳೇ ಮಾಲು ತೆಗೆದು ಹೊರಗೆ ಹಾಕುತ್ತಿದ್ದರು. ಮುಚ್ಚಳ ಬಿರಿದ ಪೋಸ್ಟರ್ ಬಣ್ಣದ ಸೀಸೆಯೊಂದು ಕೌಂಟರಿನ ಮೇಲೆ ಉರುಳಿ ಬಂತು. ಹಳಸಿದ ಗಂಜಿಯಂಥ ಒಂದು ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಶಾಲೆಯ ದಿನಗಳು ನೆನಪಾಗುತ್ತಿದ್ದವೇನೋ. ನನ್ನ ಎದೆ ಧಸಕ್ಕೆಂದಿತು. ಪೆನ್ನನ್ನು ಅಲ್ಲೇ ಬಿಟ್ಟು ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಆಫೀಸಿನಲ್ಲಿ ಎಲ್ಲರನ್ನೂ ಗದರಿಸಿಕೊಂಡು ತಿರುಗುವ ಹೆಂಗಸು ಬಣ್ಣದ ಸೀಸೆಗೆ ಹೆದರಿದಳೆಂದರೆ ಜನ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು...

ಆ ವಾಸನೆ ಬುಕ್ಕಿನಾಂಟಿಯದು. ಸಿಂಧನೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಯಲ್ಲಿ ಅವರಿದ್ದರು. ಮಕ್ಕಳಿಗೆ ಕತೆ ಬರೆದು, ಅದಕ್ಕೆ ತಾವೇ ಚಿತ್ರ ತೆಗೆದು ಪುಸ್ತಕ ಮಾಡುವವರು. ಓಣಿಯ ಮಕ್ಕಳು ಇಟ್ಟ ಹೆಸರು ಬುಕ್ಕಿನಾಂಟಿ. ನಾನೂ ಹಾಗೇ ಕರೆದೆ. ಆದೋನಿ ಕಡೆಯವರು, ಮನೆಮಾತು ತೆಲುಗು, ಓದಿದ್ದೆಲ್ಲ ಕನ್ನಡ. ಮಾತಾಡಿದರೆ ಅಪ್ಪಟ ನಮ್ಮ ಸೀಮೆಯವರೇ. ಸಿಟ್ಟು ಬಂದಾಗ ಮಾತ್ರ ತೆಲುಗು ಹೊರಗೆ ಬೀಳುತ್ತಿತ್ತು, ಅದೂ ಹೆಚ್ಚಾಗಿ ಸರಿಯಾಗಿ ಬರದ ಚಿತ್ರದ ಮೇಲೆ.

ಆಗ ನನ್ನ ಜೊತೆ ಯಶು ಇದ್ದಳು. ನನ್ನ ಒಡಹುಟ್ಟಿದ ಅಕ್ಕನ ಮಗಳು. ಅಕ್ಕ ಜಡ್ಡು ಬಿದ್ದು ತೀರಿಕೊಂಡ ಮೇಲೆ ಕೂಸನ್ನು ನಾನು ಕರೆದುಕೊಂಡು ಬಂದೆ. ಅವಳ ಅಪ್ಪನ ನೌಕರಿ ಲಿಂಗಸುಗೂರಿನಲ್ಲಿ, ರಜೆ ಇದ್ದಾಗ ಬಂದು ಮುಖ ತೋರಿಸಿ ಹೋಗುತ್ತಿದ್ದರು. ಅವ್ವ ಎಲ್ಲಿ ಎಂದು ಕೇಳಿದರೆ ಎಲ್ಲರೂ ಹೇಳುತ್ತಿದ್ದುದು ಒಂದೇ, "ದೂರ ಹೋಗ್ಯಾಳ." ಕೂಸು ಅಳಲಿಲ್ಲ. ಮನೆಗೆ ಬಂದವರೆಲ್ಲ ಎಷ್ಟು ಶಾಣ್ಯಾ ಹುಡುಗಿ ಎಂದು ಹೊಗಳುತ್ತಿದ್ದರು. ನನಗೆ ಮಾತ್ರ ಆ ಸುಮ್ಮನಿರುವಿಕೆ ಕಂಡು ಒಳಗೊಳಗೇ ಭಯವಾಗುತ್ತಿತ್ತು.

ನಾನು ಬೆಳಿಗ್ಗೆ ಮಸ್ಕಿಯ ಬಸ್ಸು ಹತ್ತಿದರೆ ಸಂಜೆಯೇ ವಾಪಸ್ಸು. ಶಾಲೆ ಬಿಟ್ಟ ಮೇಲೆ ಯಶು ಸೀದಾ ಮೇಲಿನ ಕೋಣೆಗೆ ಹೋಗುವಳು. ಆಂಟಿ ನೆಲದ ಮೇಲೆ ಚಾಪೆ ಹಾಸಿ, ಹಲಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಕುಳಿತಿರುತ್ತಿದ್ದರು. ಸುತ್ತ ಬಣ್ಣದ ಬಟ್ಟಲು, ಕುಂಚ, ರಬ್ಬರಿನ ಚೂರು. ಮೂಲೆಯಲ್ಲಿ ಒಂದು ಒಳ್ಳೆಯ ಕುರ್ಚಿ ಧೂಳು ತಿನ್ನುತ್ತಿತ್ತು. ನನಗೆ ತಡೆಯದೆ ಒಮ್ಮೆ ಕೇಳಿದೆ.

"ಆಂಟಿ, ಕುರ್ಚಿ ಐತಲ್ರೀ, ಕುಂದ್ರಾಕ ಏನ್ ಧಾಡಿ?"

"ಮಕ್ಕಳ ಕಣ್ಣು ಎಷ್ಟ ಎತ್ತರ ಇರ್ತಾವೋ ಅಷ್ಟ ಎತ್ತರದಾಗ ಕುಂತು ಬರೀಬೇಕು ತಂಗಿ. ಮ್ಯಾಲೆ ಕುಂತ್ರ ಬರೇ ಬುದ್ಧಿಮಾತು ಬರ್ತಾವ" ಎಂದು ನಕ್ಕರು.

ಅವರ ಪುಸ್ತಕಗಳಲ್ಲಿ ಬುದ್ಧಿಮಾತು ಇರಲೇ ಇಲ್ಲ. ಶಾಲೆಯ ಗಂಟೆ ನುಂಗಿದ ಒಂದು ಆಡಿನ ಕತೆ ಮಾಡಿದ್ದರು. ಆಡು ಓಡಿದಾಗಲೆಲ್ಲ ಹೊಟ್ಟೆಯೊಳಗೆ ಗಂಟೆ ಹೊಡೆಯುತ್ತದೆ, ಶಾಲೆ ಬಿಟ್ಟಿತೆಂದು ಮಕ್ಕಳೆಲ್ಲ ಮನೆಗೆ ಓಟ. ಆಡಿನ ಮುಖ ಥೇಟು ನಮ್ಮ ಮನೆ ಮಾಲೀಕರದು. ಮಾಲೀಕರು ಅದೇ ಪುಸ್ತಕವನ್ನು ಮೊಮ್ಮಗನಿಗೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಪಾಪ, ಗೊತ್ತೇ ಆಗಲಿಲ್ಲ. ಪ್ರತಿ ಪುಟವನ್ನೂ ಮೊದಲು ಯಶುಗೇ ಓದಿ ತೋರಿಸುವುದು. ಅವಳು ಆಕಳಿಸಿದರೆ ಆ ಹಾಳೆ ಪರ್ರೆಂದು ಹರಿದು ಮೂಲೆಗೆ. ವಾರಗಟ್ಟಲೆ ಕೂತು ತೆಗೆದ ಚಿತ್ರವಾದರೂ ಸರಿ. ನನಗೆ ಹೊಟ್ಟೆ ಉರಿಯುತ್ತಿತ್ತು, ಅವರು ಮಾತ್ರ ಹೊಸ ಹಾಳೆ ಹಾಸಿಕೊಂಡು ಮತ್ತೆ ಶುರು.

ಆ ವರ್ಷ ಊರ ಹೊರಗಿನ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ತುರ್ವಿಹಾಳದ ಕಡೆಯಿಂದ ಒಂದು ಕೆಟ್ಟ ಸುದ್ದಿ ಬಂತು. ಒಂದು ಮಗು ನೀರಿನಲ್ಲಿ ಕೊಚ್ಚಿ ಹೋಗಿತ್ತು. ಆಂಟಿ ಎರಡು ದಿನ ಊಟ ಮಾಡಲಿಲ್ಲ. ಆಮೇಲೆ ಹೊಸ ಪುಸ್ತಕಕ್ಕೆ ಕುಳಿತರು. "ಇಷ್ಟ ದಿನ ನಗಿಸೀನಿ. ಈಗ ಹೆದರಸ್ತೀನಿ. ನೀರಂದ್ರ ಮಕ್ಕಳು ಮಾರು ದೂರ ಓಡಬೇಕು" ಎಂದರು. ಮೊದಲ ಸಲ ಅವರ ಕೋಣೆಯಲ್ಲಿ ಕಪ್ಪು ಬಣ್ಣದ ಸೀಸೆ ಖಾಲಿಯಾದದ್ದು ನೋಡಿದೆ.

ಚಿತ್ರ ನೋಡಿದಾಗ ನನಗೇ ಮೈ ಜುಮ್ಮೆಂದಿತು. ಕಪ್ಪು ಹಸಿರು ನೀರು. ತಳದಲ್ಲಿ ಒಬ್ಬ ಮುದುಕಿ. ಬಿಚ್ಚಿದ ಬಿಳಿ ಕೂದಲು ನೀರಿನುದ್ದಕ್ಕೂ ಹರಡಿದೆ. ಉದ್ದುದ್ದ ತೋಳು ಮೇಲಕ್ಕೆ ಚಾಚಿದ್ದಾಳೆ. ಆಂಟಿ ಯಶುವನ್ನು ಪಕ್ಕದಲ್ಲಿ ಕೂರಿಸಿಕೊಂಡು ದನಿ ತಗ್ಗಿಸಿ ಓದಿದರು.

"ಕಾಲುವೆಯ ತಳದಲ್ಲಿ ಅವ್ವ ಇದ್ದಾಳೆ. ಕೂದಲು ಬಿಚ್ಚಿಕೊಂಡು ಕೂತಿದ್ದಾಳೆ. ಹತ್ತಿರ ಬಂದ ಮಕ್ಕಳನ್ನು ಅಪ್ಪಿಕೊಳ್ಳುತ್ತಾಳೆ. ಮತ್ತೆ ಎಂದೂ ಬಿಡುವುದಿಲ್ಲ."

ಯಶು ಆಕಳಿಸಲಿಲ್ಲ. ಹೆದರಿ ನನ್ನ ಕಡೆಗೂ ಓಡಿ ಬರಲಿಲ್ಲ. ಬೆರಳಿಟ್ಟು ಆ ಅಕ್ಷರಗಳನ್ನು ತಾನೇ ಕೂಡಿಸಿ ಓದಿದಳು. "ಬಿಡಂಗೇ ಇಲ್ಲೇನು ಆಂಟಿ?" ಎಂದಳು.

"ಬಿಡಂಗಿಲ್ಲ ನೋಡು. ಗಟ್ಟಿ ಹಿಡಕೊಂತಾಳ."

ಕೂಸು ಹೆದರಿದೆ ಎಂದು ಆಂಟಿ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ನಾನೂ ಹಾಗೇ ತಿಳಿದೆ.

ಮುಂದಿನ ವಾರವೇ ಇರಬೇಕು... ಸಂಜೆ ಬಸ್ಸಿಳಿದು ಮನೆಗೆ ಬಂದರೆ ಆಂಟಿ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಕುಂಚ ಇನ್ನೂ ಒದ್ದೆ ಇತ್ತು.

"ಯಶು ನಿನ್ನ ಕೂಡ ಬರ್ಲಿಲ್ಲೇನು?"

"ನನ್ನ ಕೂಡ ಹ್ಯಾಂಗ್ ಬರ್ತಾಳ ಆಂಟಿ? ಸಾಲಿಯಿಂದ ಬಂದಿಲ್ಲೇನು?"

"ಬಂದಿದ್ಲು. ಕೆಳಗ ಹೋಗಿ ಬರ್ತೀನಿ ಅಂದ್ಲು. ನೀ ಬಂದೀಯೇನೋ, ನಿನ್ನ ಕಡೆ ಅದಾಳ ಅಂದ್ಕೊಂಡೆ."

ಶಾಲೆಯ ಹತ್ತಿರ ಓಡಿದೆವು, ಗೇಟಿಗೆ ಬೀಗ. ಪೆಪ್ಪರಮಿಂಟಿನ ಅಂಗಡಿಯವನು ನೋಡಿಲ್ಲ ಎಂದ. ಗೆಳತಿಯ ಮನೆಯಲ್ಲಿಲ್ಲ. ಎಲ್ಲೇ ನೋಡಿದರೂ ಅದೇ ಎತ್ತರದ, ಅದೇ ಎರಡು ಜಡೆಯ ಬೇರೆ ಮಕ್ಕಳೇ ಕಾಣುತ್ತಿದ್ದರು. ನಾನು ಕಂಡಕಂಡವರನ್ನು ಬೈಯುತ್ತಿದ್ದೆ. ನನಗೆ ಹೆದರಿಕೆಯಾದರೆ ಮೊದಲು ಬರುವುದು ಬೈಗುಳವೇ. ಕಡೆಗೆ ಎದುರುಮನೆಯಲ್ಲಿ ನಾವೆಲ್ಲ ಖಾಲಾ ಎಂದು ಕರೆಯುವ ಹೆಂಗಸು, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವರು, ತಲೆಯೆತ್ತಿದರು.

"ಅರೇ, ಬಚ್ಚಿ ನನ್ನ ಮುಂದ್ಲಿಂದನ ಹೋತಲ್ಲಾ! ಕೈಯಾಗ ಬಾಚಣಿಗಿ ಹಿಡ್ಕೊಂಡಿತ್ತು. ಎಲ್ಲಿಗ್ ಬೇಟಾ ಅಂದ್ರ, ಅವ್ವನ ತಲಿ ಬಾಚಾಕ ಅಂತು."

ನನಗೆ ಮೊದಲು ಅರ್ಥವಾಗಲಿಲ್ಲ. ಅಕ್ಕ ಹಾಸಿಗೆ ಹಿಡಿದಿದ್ದಾಗ ಯಶು ಅವಳ ತಲೆ ಬಾಚುತ್ತಾ ಕೂರುತ್ತಿದ್ದಳು, ಅದು ನೆನಪಾಯಿತು, ಅಷ್ಟೇ. ಆದರೆ ಆಂಟಿಯ ಮುಖ ಸುಣ್ಣದಂತಾಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ನಾ ಮುದುಕಿ ಅಂತ ಬರದಿದ್ದೆ... ನಮ್ಮ ತೆಲುಗಿನ್ಯಾಗ ಅವ್ವ ಅಂದ್ರ ಮುದುಕಿ, ಅಜ್ಜಿ... ಅಯ್ಯೋ ದೇವುಡಾ, ನಿಮ್ಮ ಕೂಸಿಗೆ ಅವ್ವ ಅಂದ್ರ ಹಡದವ್ವನ!"

ಅಪ್ಪಿಕೊಳ್ಳುತ್ತಾಳೆ, ಮತ್ತೆ ಎಂದೂ ಬಿಡುವುದಿಲ್ಲ. ಆ ಸಾಲು ಆಗ ನನ್ನ ಕಿವಿಗೆ ಯಶುವಿನ ಸಾಲಾಗಿ ಕೇಳಿಸಿತು. ಊರಿನ ಮಕ್ಕಳಿಗೆಲ್ಲ ಬೆದರಿಕೆಯಾಗಬೇಕಾದದ್ದು ತಾಯಿಯಿಲ್ಲದ ಆ ಒಂದು ಕೂಸಿಗೆ ಕರೆಯಾಗಿತ್ತು.

ಆಟೋ ಹತ್ತಿದ್ದು ನೆನಪಿದೆ. ದಾರಿಗೆ ಅಡ್ಡ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂದು ನಿಂತದ್ದು, ನಾನು ಆಟೋದಿಂದ ತಲೆ ಹೊರಹಾಕಿ ಅದರ ಡ್ರೈವರನ ವಂಶವನ್ನೆಲ್ಲ ಎತ್ತಿ ಬೈದದ್ದು ನೆನಪಿದೆ. ಆಂಟಿ ಒಂದೇ ಸಮ ತೆಲುಗಿನಲ್ಲಿ ಏನೋ ಗೊಣಗುತ್ತಿದ್ದರು. ಕಾಲುವೆಯ ದಂಡೆ ಹತ್ತಿದಾಗ ಇನ್ನೂ ಬೆಳಕಿತ್ತು. ನೀರು ದಂಡೆ ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಸದ್ದು ಮಾಡದ ನೀರು ಎಷ್ಟು ಭಯ ಹುಟ್ಟಿಸುತ್ತದೆ ಎಂಬುದು ಆವತ್ತೇ ಗೊತ್ತಾದದ್ದು. ದಂಡೆಯ ಮೇಲೆ ಯಶುವಿನ ಚಪ್ಪಲಿ ಜೋಡಿಸಿ ಇಟ್ಟಿದ್ದವು, ದೊಡ್ಡವರ ಮನೆಗೆ ಹೋದಾಗ ಬಿಡುವ ಹಾಗೆ.

ನಾನು ಕೂಗಲು ಬಾಯಿ ತೆರೆದೆ. ಆಂಟಿ ನನ್ನ ಬಾಯಿ ಮುಚ್ಚಿದರು.

ಬಟ್ಟೆ ಒಗೆಯುವ ಮೆಟ್ಟಿಲುಗಳ ತುದಿಯಲ್ಲಿ ಯಶು ಕುಳಿತಿದ್ದಳು. ಎರಡೂ ಕಾಲು ನೀರಿನಲ್ಲಿ. ಕಲ್ಲಿಗೆ ಅಂಟಿ ಬೆಳೆದ, ಬಿಸಿಲಿಗೆ ಬಿಳಿಚಿದ ಉದ್ದನೆಯ ಪಾಚಿ ನೀರಿನ ಜೊತೆ ಎಳೆಎಳೆಯಾಗಿ ತೇಲುತ್ತಿತ್ತು. ಅವಳು ಬಗ್ಗಿ, ಬಾಚಣಿಗೆಯಿಂದ ಅದನ್ನು ಮೆಲ್ಲಗೆ ಬಾಚುತ್ತಿದ್ದಳು. ಏನೋ ಮಾತಾಡುತ್ತಿದ್ದಳು ಕೂಡ. ಪಾಚಿಗಟ್ಟಿದ ಮೆಟ್ಟಿಲು. ಬೆಚ್ಚಿ ತಿರುಗಿದರೂ ಸಾಕು, ಜಾರುತ್ತಾಳೆ. ಓಡಿ ಹೋಗಿ ಹಿಡಿಯೋಣವೆಂದರೆ ನಮ್ಮನ್ನು ಕಂಡು ಅತ್ತ ಸರಿದರೆ? ನಾನು ನಿಂತಲ್ಲೇ ನಿಂತೆ.

ಆಂಟಿ ಮೇಲಿನ ಮೆಟ್ಟಿಲ ಮೇಲೆ ಕುಳಿತರು. ಚಾಪೆಯ ಮೇಲೆ ಕೂರುವ ಹಾಗೇ ಕುಳಿತರು. ದಿನಾ ಓದಿ ತೋರಿಸುವ ದನಿಯಲ್ಲೇ ಕರೆದರು.

"ಯಶೂ, ಆ ಪುಸ್ತಕದಾಗ ಇನ್ನೊಂದು ಹಾಳಿ ಐತಿ. ನೀ ಕೇಳೇ ಇಲ್ಲ."

ಯಶು ಸ್ವಲ್ಪವೇ ತಿರುಗಿದಳು. "ಏನೈತಿ?"

"ಮ್ಯಾಲ ಬಾ, ಹೇಳ್ತೀನಿ."

"ಅಲ್ಲಿಂದನ ಹೇಳ್ರಿ. ನಾ ಅವ್ವನ ತಲಿ ಬಾಚಾಕತ್ತೀನಿ. ಭಾಳ ದಿನ ಆತಲ್ಲ, ಕೂದಲ ಎಲ್ಲ ಬೆಳ್ಳಗಾಗ್ಯಾವ."

ಆಂಟಿಯ ಬೆನ್ನು ನಡುಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಹಾಳೆಯಿಲ್ಲ, ಕುಂಚವಿಲ್ಲ, ಹರಿದು ಎಸೆದು ಮತ್ತೆ ಬರೆಯುವ ಪುರುಸೊತ್ತಿಲ್ಲ. ಒಂದು ಮಾತು ತಪ್ಪಿದರೆ ಕೂಸು ಹೋಯಿತು. ಒಂದು ಉಸಿರು ಎಳೆದುಕೊಂಡು ಅವರು ಹೇಳಿದರು.

"ನೀರಾಗಿರಾಕಿ ಮುದುಕಿ ಯಶು. ನಮ್ಮ ಮನಿ ಮಾತಿನ್ಯಾಗ ಮುದುಕಿಗೆ ಅವ್ವ ಅಂತೀವಿ. ಆಕಿ ಎಲ್ಲಾ ಮಕ್ಕಳನ್ನೂ ಕರೀತಾಳ, ಆದ್ರ ಒಬ್ಬರ ಹೆಸರೂ ಆಕಿಗೆ ಗೊತ್ತಿಲ್ಲ. ನಿಮ್ಮವ್ವಗ ನಿನ್ನ ಹೆಸರು ಗೊತ್ತಿತ್ತಲ್ಲ? ಕೇಳಿ ನೋಡು. ನನ್ನ ಹೆಸರೇನು ಅಂತ ಕೇಳು."

ಯಶು ನೀರಿನ ಮೇಲೆ ಬಗ್ಗಿದಳು. ನಾನು ಕಣ್ಣು ಮುಚ್ಚಿಕೊಂಡೆ. "ನನ್ನ ಹೆಸರೇನು?" ಎಂದು ಕೇಳಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ... ಎಷ್ಟು ಹೊತ್ತೋ ಏನೂ ಇಲ್ಲ. ಕಣ್ಣು ತೆರೆದಾಗ ಅವಳು ತಲೆಯೆತ್ತಿ ಆಂಟಿಯನ್ನೇ ನೋಡುತ್ತಿದ್ದಳು. ಬಾಚಣಿಗೆ ಕೈಯಿಂದ ಜಾರಿ ನೀರಿನ ಜೊತೆ ಹೋಯಿತು. ಕಾಲು ಮೇಲೆ ತೆಗೆದು, ಕೈಯೂರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು.

"ಆಕಿ ನಮ್ಮವ್ವ ಅಲ್ಲ" ಎಂದಳು. ಹಾಗೆಂದು ಬಾಯಿ ತೆರೆದು ಅತ್ತಳು. ಅಕ್ಕ ಹೋದ ಮೇಲೆ ಆ ಕೂಸು ಅತ್ತದ್ದು ಅದೇ ಮೊದಲು. ನಾನು ಅವಳನ್ನು ಎತ್ತಿಕೊಂಡು ದಂಡೆಯಿಂದ ಎಷ್ಟು ದೂರ ಓಡಿದೆನೋ ಗೊತ್ತಿಲ್ಲ. ಮನೆಗೆ ಬಂದ ಮೇಲೂ ಅವಳ ಕಾಲು ಒರೆಸುತ್ತಲೇ ಇದ್ದೆ, ಒಣಗಿದ ಕಾಲನ್ನು.

ಯಶು ಚೇತರಿಸಿಕೊಂಡಳು. ಆಂಟಿ ಚೇತರಿಸಿಕೊಳ್ಳಲಿಲ್ಲ. ಆ ಪುಸ್ತಕ ಅಲ್ಲಿಗೇ ನಿಂತಿತು. ಆಮೇಲೆ ಒಂದು ಶಬ್ದ ಬರೆಯಬೇಕಾದರೂ ಓಣಿಯೆಲ್ಲ ತಿರುಗುತ್ತಿದ್ದರು. ನಿಮ್ಮನ್ಯಾಗ ಇದಕ್ಕ ಏನಂತೀರಿ, ಇದನ್ನ ಕೇಳಿದ್ರ ನಿಮ್ಮ ಹುಡುಗ ಏನ್ ತಿಳ್ಕೊಂತಾನ ಎಂದು ನನ್ನನ್ನು, ಖಾಲಾನನ್ನು, ಹಾಲಿನವನನ್ನು ಕೇಳುವುದು. ಮೊಲ ಎಂದು ಬರೆದು ಹೊಡೆದು ಹಾಕುವರು. ಬಾವಿ ಎಂದು ಬರೆದು ಬೆವರುವರು. "ಆಂಟಿ, ಆವತ್ತು ಕೂಸನ್ನ ಉಳಿಸಿದವ್ರು ನೀವ ಅಲ್ಲೇನ್ರಿ?" ಎಂದು ನಾನು ಜಗಳಕ್ಕೇ ನಿಲ್ಲುತ್ತಿದ್ದೆ. "ಕರದಾಕೀನೂ ನಾನ ಅಲ್ಲೇನು?" ಎನ್ನುತ್ತಿದ್ದರು. ಪುಸ್ತಕ ಅಚ್ಚು ಹಾಕುವವರು ಕಾದು ಕಾದು ಕೇಳುವುದನ್ನೇ ಬಿಟ್ಟರು. ಒಂದು ದಿನ ಬಣ್ಣದ ಸೀಸೆಗಳನ್ನೆಲ್ಲ ಓಣಿಯ ಮಕ್ಕಳಿಗೆ ಹಂಚಿ ಅವರು ಆದೋನಿಗೆ ಹೊರಟುಹೋದರು. ಯಶು ಬಸ್ಸಿನ ಹಿಂದೆ ಓಡಿದಳು.

ಈ ಬೇಸಿಗೆಯಲ್ಲಿ ಆಂಟಿ ತೀರಿಕೊಂಡ ಸುದ್ದಿ ಬಂತು, ಅದೂ ಎಲ್ಲ ಮುಗಿದ ಮೇಲೆ. ಯಶು ಈಗ ಲಿಂಗಸುಗೂರಿನಲ್ಲಿ ಅಪ್ಪನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ನಾನು ಹೇಳಿರಲಿಲ್ಲ. ಕಾಲುವೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಎತ್ತಿದರೆ ಏನು ಎದ್ದು ಬರುತ್ತದೋ ಎಂಬ ಹೆದರಿಕೆ. ಮೊನ್ನೆ ಕಟ್ಟೆಯ ಮೇಲೆ ಕುಳಿತು ಗಟ್ಟಿ ಮನಸ್ಸು ಮಾಡಿ ಫೋನ್ ಹಚ್ಚಿದೆ. ಆಂಟಿ ಹೋದರಂತೆ ಎಂದೆ.

"ಚಿಗವ್ವಾ, ನಾ ಒಂದು ಮಾತು ಯಾರಿಗೂ ಹೇಳಿಲ್ಲ" ಎಂದಳು. "ಆವತ್ತು ನಾ ಹೆಸರು ಕೇಳಿದೆನಲ್ಲ... ನೀರು ಹೇಳ್ತು. ಅವ್ವನ ದನಿ, ಯಶೂ ಅಂತು. ಖರೇನ ಕೇಳಿಸ್ತು ನನಗ."

ಮತ್ತೆ ಯಾಕೆ ಎದ್ದು ಬಂದೆ ಎಂದು ಕೇಳಿದೆ.

"ಹೋಗಬೇಕಂತನ ಇದ್ದೆ. ತಿರುಗಿ ನೋಡಿದ್ರ ಆಂಟಿ ಅಳಾಕತ್ತಿದ್ರು, ಬಾಯಿ ಗಟ್ಟಿ ಮುಚ್ಚಿಕೊಂಡು. ನಾ ಹೋದ್ರ ಆಂಟಿ ಏನ್ ಮಾಡ್ತಾರ ಅನಿಸ್ತು. ಅದಕ್ಕ ಬಂದೆ."

ಇದನ್ನು ಕೇಳಬೇಕಾದವರು ಒಬ್ಬರೇ ಇದ್ದರು, ಕರೆದಾಕಿ ನಾನೇ ಎನ್ನುತ್ತಿದ್ದ ಆಂಟಿ.