ಮೇಕೆಗಳ ಸೂರು

ಊರಿನವರು ಅವಳನ್ನು ಕರೆಯುವುದು ಮೇಕೆ ಸಾಹುಕಾರ್ತಿ ಎಂದು. ಸಾಹುಕಾರಿಕೆ ಎಂದರೆ ಎರಡು ಮೇಕೆ. ಬಡವರ ಆದಾಯ ಹೆಚ್ಚಿಸುವ ಯೋಜನೆಯವರು ಅವುಗಳ ಕೊರಳಿಗೆ ರಿಬ್ಬನ್ ಕಟ್ಟಿ ಫೋಟೊ ತೆಗೆದು ಕೊಟ್ಟಿದ್ದರು. ಫೋಟೊದಲ್ಲಿ ಗಂಡನ ಕೈ ಮಾತ್ರ ಕಾಣುತ್ತದೆ, ಹಗ್ಗ ಹಿಡಿದದ್ದು.

ಷರತ್ತು ಒಂದೇ. ಮೇಕೆ ನೆನೆಯಬಾರದು. ಅದಕ್ಕೆಂದು ಹಿತ್ತಲಲ್ಲಿ ತಗಡಿನ ಕೊಟ್ಟಿಗೆ ಹಾಕಿ, ಯೋಜನೆಯ ಬೋರ್ಡು ಹೊಡೆದರು. ಮನುಷ್ಯರು ನೆನೆಯಬಹುದಿತ್ತು. ಒಂದೇ ಕೋಣೆಯ ಮನೆ, ಹುಲ್ಲಿನ ಸೂರು, ಎಲ್ಲಿ ನೋಡಿದರೂ ಸೋರುತ್ತಿತ್ತು.

ಕೂಲಿಗೆ ಹೋಗುತ್ತಿದ್ದ ಗಂಡ ಮೇಕೆ ಮೇಯಿಸಲು ಕೂಲಿ ಬಿಟ್ಟ. ಮರಿ ಮಾರಿದ ದುಡ್ಡು ಅವನ ಕೆಮ್ಮಿನ ಔಷಧಿಗೆ ಹೋಯಿತು. ಬಡತನ ನೀಗಿತು, ಮೇಕೆಗಳಿಗೆ.

ಮಳೆ ಹಿಡಿದರೆ ಅವನು ಒದ್ದೆ ಕಂಬಳಿ ಎತ್ತಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದ.

"ಸಾಹುಕಾರ್ರ ಮನೇಲಿ ಜಾಗ ಕೊಟ್ಟಿದಾರೆ ಕಣೆ, ನೀನೂ ಬಾ."

"ನಿಮ್ಮ ಹೊಸ ಸಂಸಾರ ನಿಮಗೇ ಇರ್ಲಿ."

ಹೋದ ಮಳೆಗಾಲದಲ್ಲಿ ಅಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡ.

ಈ ಸಲ ಮೋಡ ಕಟ್ಟುವಾಗಲೇ ಅತ್ತೆಗೆ ಕೆಮ್ಮು ಹಿಡಿಯಿತು. ಅದೇ ಕೆಮ್ಮು. ಸೊಸೆ ಏಣಿ ತಂದು ಕೊಟ್ಟಿಗೆಯ ತಗಡು ಬಿಚ್ಚತೊಡಗಿದಳು.

"ಕೊಟ್ಟಿಗೆ ಇಲ್ಲದಿದ್ರೆ ಮೇಕೆ ವಾಪಸ್ ಹೊಡ್ಕೊಂಡು ಹೋಗ್ತೀವಿ ಅಂದಿದಾರಲ್ಲೇ," ಎಂದಳು ಅತ್ತೆ. "ಆಮೇಲೆ ಹೊಟ್ಟೆಗೆ?"

"ನೀವು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಏಣಿ ಹಿಡ್ಕೊಳಿ."

ತಗಡು ಅರ್ಧ ಕೋಣೆಗೆ ಸಾಕಾಯಿತು. ಆ ಅರ್ಧದಲ್ಲೇ ಅತ್ತೆಯ ಹಾಸಿಗೆ ಹಾಸಿ, ಪಕ್ಕಕ್ಕೆ ಮೇಕೆ ಕಟ್ಟಿ, ಯೋಜನೆಯ ಬೋರ್ಡನ್ನು ಮನೆಯ ಬಾಗಿಲಿಗೆ ಹೊಡೆದಳು.

ಯೋಜನೆಯ ಮೇಲ್ವಿಚಾರಕ ಬಂದ. ಹಿತ್ತಲಲ್ಲಿ ಕಂಬ ಮಾತ್ರ ಇತ್ತು.

"ಕೊಟ್ಟಿಗೆ ಎಲ್ಲಮ್ಮ?"

"ಇದೇ ಸ್ವಾಮಿ. ಬೋರ್ಡ್ ಓದಿ."

"ಮತ್ತೆ ನಿಮ್ಮ ಮನೆ?"

"ಸೋರ್ತಿತ್ತು, ಬಿಟ್ಟುಬಿಟ್ವಿ. ಮೇಕೆಗಳು ಒಳ್ಳೆಯವು. ಇರಿ ಅಂದ್ವು."

"ಬಾಡಿಗೆನೂ ಕೇಳಿಲ್ಲ," ಎಂದಳು ಒಳಗಿಂದ ಅತ್ತೆ.

ಅವನು ಬಗ್ಗಿ ಒಳಗೆ ಬಂದು ತಗಡು ನೋಡಿದ. ಮೇಕೆಯ ಬೆನ್ನು ಸವರಿದ. ಒಣಗಿತ್ತು. ಷರತ್ತು ಮುರಿದಿರಲಿಲ್ಲ.

"ಇಲ್ಲೇ ಇರ್ಲಿ ಬಿಡಿ," ಎಂದು ಮೊಬೈಲ್ ತೆಗೆದ. "ಅಜ್ಜಿ, ಸ್ವಲ್ಪ ಆ ಕಡೆ ಸರೀರಿ. ಇಲ್ಲಾಂದ್ರೆ ಫೋಟೊದಲ್ಲಿ ಬರ್ತೀರ."

ಸಂಜೆ ಮಳೆ ಹೊಡೆಯಿತು. ತಗಡಿನ ಸದ್ದಿಗೆ ಅತ್ತೆಯ ಕೆಮ್ಮು ಕೇಳಿಸದೆ ಅವಳು ಎದ್ದು ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ನಿದ್ದೆ. ಹಾಸಿಗೆ ಒಣಗಿತ್ತು.

ಸೋರದ ಕಡೆ ಉಳಿದದ್ದು ಮೇಕೆಗಳ ನಡುವಿನ ಜಾಗ ಒಂದೇ. ಅವಳು ಗಂಡನ ಕಂಬಳಿ ಕೊಡವಿದಳು.

"ಸರೀರಿ, ಸಾಹುಕಾರ್ರೆ," ಎಂದು ಅಲ್ಲೇ ಮಲಗಿದಳು.