ಬೇಲಿಗೂಟದ ಮೇಲಿನ ಟೋಪಿ

ತೈಸ್ತೊಗೆ ವಯಸ್ಸು ಎಪ್ಪತ್ತೊಂದು. ಅವನ ಹಗೆಗೆ ಮಾತ್ರ ಒಂದೇ ವರ್ಷ, ಹಾಗಾಗಿ ಅದರ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು.

ಫಿನ್ಲೆಂಡಿನ ನಮ್ಮ ಬಡಗಣ ಹಳ್ಳಿಯಲ್ಲಿ ಜನವರಿ ಕೊನೆಯ ಶನಿವಾರ ಎಲ್ಲರೂ ಒಂದು ಗಂಟೆ ಕಿಟಕಿಗೆ ಅಂಟಿಕೊಂಡು, ಕಂಡ ಹಕ್ಕಿಗಳನ್ನು ಎಣಿಸಿ ಬರೆದು ಕಳಿಸುತ್ತೇವೆ. ಹೋದ ವರ್ಷ ತೈಸ್ತೊಗೆ ಪಕ್ಕದ ಮನೆ ಒನ್ನಿಯ ಬೇಲಿಗೂಟದ ಮೇಲೆ ಬೂದುಗೂಬೆ ಕಂಡಿತು. ಅವನು ನಲವತ್ತು ಚಳಿಗಾಲ ಕಾದಿದ್ದ ಹಕ್ಕಿ! ಊರಿಗೆಲ್ಲ ಫೋನು ಮಾಡಿದ. ಜನ ಸೇರಿದ ಮೇಲೆ ಒನ್ನಿ ನಿಧಾನವಾಗಿ ಹೊರಬಂದು, ಗೂಬೆಯನ್ನೆತ್ತಿ, ಹಿಮ ಕೊಡವಿ ತಲೆಗೆ ಹಾಕಿಕೊಂಡ. ಅಂದಿನಿಂದ ತೈಸ್ತೊ ಅಂಗಡಿಗೆ ಹೋದರೆ ಸಾಕು, ಜನ ಕೇಳುತ್ತಿದ್ದರು: "ನಿನ್ನ ಗೂಬೆಯ ಟೋಪಿ ಸೈಜು ಎಷ್ಟಪ್ಪ, ಐವತ್ತೆಂಟೋ ಅರವತ್ತೋ?"

ಈ ವರ್ಷ ಒನ್ನಿಯ ಲೆಕ್ಕ ಸೊನ್ನೆಯಾಗಬೇಕು ಎಂದು ತೈಸ್ತೊ ಹಟ ತೊಟ್ಟ. ಅಕ್ಟೋಬರಿನಿಂದಲೇ ತನ್ನ ಬರ್ಚ್ ಮರಕ್ಕೆ ಹಂದಿಕೊಬ್ಬು, ಶೇಂಗಾ, ಸೂರ್ಯಕಾಂತಿ ಬೀಜ ತೂಗುಹಾಕಿದ.

"ಹಕ್ಕಿ ಸಾಕ್ತಿದ್ದೀಯೋ, ದಂಡು ಕಟ್ತಿದ್ದೀಯೋ?" ಅಂದಳು ಹೆಂಡತಿ ಐರಾ.

ಆ ಶನಿವಾರ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ತೈಸ್ತೊನ ಮರದಲ್ಲಿ ಹದಿನಾರು ಕೆಂಪೆದೆ ಹಕ್ಕಿಗಳು. ಒನ್ನಿಯ ಅಂಗಳ ಬೋಳು. ಏಲಕ್ಕಿ ಬನ್ನು ಎಂದೂ ಇಷ್ಟು ರುಚಿಸಿರಲಿಲ್ಲ.

ಅಷ್ಟರಲ್ಲಿ ಅದೇ ಗೂಟದ ಮೇಲೆ ಬೂದು ಮುದ್ದೆ.

"ಮತ್ತೆ ಟೋಪಿ! ನನ್ನೇನು ಪೆದ್ದ ಅಂದ್ಕೊಂಡಿದ್ದಾನಾ?"

ಟೋಪಿ ಕತ್ತು ತಿರುಗಿಸಿತು. ತಟ್ಟೆಯಗಲದ ಮುಖ, ಎರಡು ಹಳದಿ ಕಣ್ಣು. ತೈಸ್ತೊನ ಕಾಫಿ ಮಡಿಲಿಗೆ ಚೆಲ್ಲಿತು.

ಫೋನು ಬಡಿದುಕೊಂಡಿತು. ಒನ್ನಿ ಪಿಸುಗುಟ್ಟುತ್ತಿದ್ದ: "ಕಂಡ್ಯೇನೋ? ನಿಜವಾದ್ದು ಕಣೋ! ನಾನು ಹೇಳಿದ್ರೆ ಊರಲ್ಲಿ ಒಬ್ರೂ ನಂಬಲ್ಲ. ನೀನೂ ಬರಿ, ಮಾರಾಯ. ಸಾಕ್ಷಿ ಬೇಕು."

ತೈಸ್ತೊ ಗಂಟಲು ಸರಿಮಾಡಿಕೊಂಡ. "ಟೋಪಿ ಚೆನ್ನಾಗಿದೆ, ಒನ್ನಿ. ಒಳಗಿಟ್ಕೋ, ನೆಗಡಿಯಾದೀತು."

"ಬರಿಯೋ," ಐರಾ ಅವನ ತೋಳು ಹಿಡಿದಳು, "ನಲವತ್ತು ವರ್ಷ ಕಾದಿದ್ದೀಯ!"

ಬರೆದರೆ ಒನ್ನಿ ಗೆದ್ದ. ತೈಸ್ತೊ ಪೆನ್ನು ಹಿಡಿದು ಕೂತ. ಗೂಬೆ ಅವನನ್ನೇ ನೋಡುತ್ತಿತ್ತು, ಇನ್ನೇನು ಹೆಸರು ಕೇಳುತ್ತದೆ ಅನ್ನುವ ಹಾಗೆ. ಅದರಾಚೆ ಒನ್ನಿ ಬರಿತಲೆಯಲ್ಲಿ ಮೆಟ್ಟಿಲಿಗೆ ಬಂದು, ಟೋಪಿ ಕೈಯಲ್ಲೇ ಇದೆ ಎಂದು ತೋರಿಸಲು ಅದನ್ನು ಬೀಸುತ್ತಿದ್ದ.

ಪಟ್ಟಿಯಲ್ಲಿ ಗೂಬೆಯ ಸಾಲಿಗೆ ತೈಸ್ತೊ, ಕಂಡಿಲ್ಲ ಎಂದು, ಅಡ್ಡಗೆರೆ ಎಳೆದ. ಆಮೇಲೆ, ಎಣಿಕೆಯ ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿರುವಾಗಲೇ, ಎದ್ದು ಪರದೆ ಎಳೆದ.